ಹಿಂಡಿ ಬಿಟ್ಟು ಎಣ್ಣೆ ತಂದದ್ದು

ವಿಜ್ಞಾನದ ಮೇಷ್ಟ್ರನ್ನು ಮನೆಯಲ್ಲಿ ಇಟ್ಟುಕೊಂಡು ಸಂಸಾರ ಮಾಡುವುದು ಸುಲಭದ ಕೆಲಸವಲ್ಲ ಎಂದು ನನ್ನ ಹೆಂಡತಿ ಗಿರಿಜೆ ಆಗಾಗ ಹೇಳುವುದುಂಟು. ನಾನು ವಿರೋಧಿಸುವುದಿಲ್ಲ. ಹಾಲು ಉಕ್ಕಿದರೆ ಬೇರೆಯವರ ಗಂಡಂದಿರಿಗೆ ಒಲೆ ಆರಿಸಬೇಕೆಂದು ಹೊಳೆಯುತ್ತದಂತೆ. ನನಗೆ ಹಾಲು ಏಕೆ ಉಕ್ಕುತ್ತದೆ ಎಂಬುದು ಹೊಳೆಯುತ್ತದೆ. ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಹಾಲು ಕಟ್ಟೆ ಇಳಿದು ನೆಲ ಸೇರಿರುತ್ತದೆ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನಿಗೆ ಬರುವ ಕಾಯಿಲೆ ಇದು. ಬೋರ್ಡಿನ ಮೇಲೆ ಎಡಗಡೆ ಎರಡು ವಸ್ತು ಬರೆದು, ನಡುವೆ ಬಾಣ ಹಾಕಿ, ಬಲಗಡೆ ಇನ್ನೆರಡು ವಸ್ತು ಬರೆದರೆ ಲೋಕದಲ್ಲೂ ಅದು ಹಾಗೆಯೇ ನಡೆಯುತ್ತದೆ ಎಂಬ ಭರವಸೆ ನನಗೆ. ಆ ಬಾಣದ ಉದ್ದ ಎಷ್ಟು, ಅದರ ಕೆಳಗೆ ಯಾರ್ಯಾರು ಸಿಕ್ಕಿಕೊಂಡಿದ್ದಾರೆ ಎಂದು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ನನಗೆ ಅದು ಗೊತ್ತಾದದ್ದು ಹೋದ ಬೇಸಿಗೆಯಲ್ಲಿ, ನಾಲ್ಕು ಚೀಲ ಹೊಂಗೆಬೀಜದಿಂದ.

ಆ ನಾಲ್ಕು ಚೀಲ ಇದ್ದದ್ದು ನಮ್ಮ ಮಂಚದ ಕೆಳಗೆ. ಪಂಚನಹಳ್ಳಿಯ ಅಂಚಿನ ನಮ್ಮ ಮನೆಯಿಂದ ಹೊಲದ ತನಕ ರಸ್ತೆಯ ಎರಡೂ ಬದಿಗೆ ಹೊಂಗೆಮರಗಳಿವೆ. ಯಾರು ನೆಟ್ಟರೋ, ಯಾರದೆಂದು ಯಾರೂ ಕೇಳುವುದಿಲ್ಲ. ಯುಗಾದಿಗೆ ಮುಂಚೆ ಕಾಯಿ ಒಣಗಿ ಉದುರತೊಡಗಿದರೆ ಗಿರಿಜೆ ಮತ್ತು ಸಿದ್ದಮ್ಮ ಬೆಳಗಿನ ಹೊತ್ತು ಪೊರಕೆ, ಮಂಕರಿ ಹಿಡಿದು ಹೊರಡುತ್ತಾರೆ. ಸಿದ್ದಮ್ಮ ನಮ್ಮ ಓಣಿಯ ಕೊನೆಯ ಮನೆಯ ಮುದುಕಿ. ಎಪ್ಪತ್ತು ದಾಟಿದ್ದಾರೆ, ಬಾಯಲ್ಲಿ ಹಲ್ಲು ಕಡಿಮೆ, ಮಾತು ಕಡಿಮೆಯಿಲ್ಲ. ಇಬ್ಬರೂ ಮರದ ಕೆಳಗೆ ಕೂತು ಕಲ್ಲಿನ ಮೇಲೆ ಕಾಯಿ ಜಜ್ಜಿ ಬೀಜ ಬಿಡಿಸುತ್ತಾರೆ. ಕಾಯಿಯ ಜೊತೆಗೆ ಊರಿನವರೂ ಒಬ್ಬೊಬ್ಬರಾಗಿ ಜಜ್ಜಿಸಿಕೊಳ್ಳುತ್ತಾರೆ ಎಂದು ನನ್ನ ಗುಮಾನಿ. ಸಿದ್ದಮ್ಮನ ಪಾಲಿನ ಬೀಜ ಸಂತೆಗೆ ಹೋಗುತ್ತದೆ, ಗಿರಿಜೆಯ ಪಾಲು ನಮ್ಮ ಮಂಚದ ಕೆಳಗೆ ಬರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬ ವ್ಯಾಪಾರಿ ಟೆಂಪೊದಲ್ಲಿ ಬಂದು, ಬೀಜ ತೆಗೆದುಕೊಂಡು, ಅದಕ್ಕೆ ಬದಲಾಗಿ ಎಣ್ಣೆ ತೆಗೆದ ಮೇಲೆ ಉಳಿಯುವ ಹೊಂಗೆಹಿಂಡಿ ಕೊಟ್ಟು ಹೋಗುತ್ತಾನೆ. ದುಡ್ಡಿನ ಮಾತೇ ಇಲ್ಲ. ಹಿಂದಿನ ವರ್ಷ ಮಾತ್ರ ಅವನು ಯಾವ ಕಾರಣಕ್ಕೋ ಬರಲಿಲ್ಲ. ಹಾಗಾಗಿ ಎರಡು ವರ್ಷದ ಬೀಜ ಕೂಡಿಕೊಂಡು ನಾಲ್ಕು ಚೀಲವಾಗಿ, ನಾನು ರಾತ್ರಿ ಮಗ್ಗುಲಾದಾಗಲೆಲ್ಲ ಕಮಟು ವಾಸನೆ ಬೀರುತ್ತಿದ್ದವು.

ಹಿಂಡಿ ಏಕೆ ಬೇಕಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಹೊಲದಲ್ಲಿ ಗಿರಿಜೆ ಇಪ್ಪತ್ತನಾಲ್ಕು ತೆಂಗಿನ ಸಸಿ ನೆಟ್ಟಿದ್ದಾಳೆ. ಅವಳೇ ಗುಂಡಿ ತೋಡಿಸಿ, ತವರಿನಿಂದ ಕಾಯಿ ತಂದು ಮೊಳೆಸಿ ನೆಟ್ಟದ್ದು. ಪ್ರತಿಯೊಂದಕ್ಕೂ ಬಿಂದಿಗೆಯಲ್ಲಿ ನೀರು ಹೊತ್ತಿದ್ದಾಳೆ. ಅದಕ್ಕೆ ಮುಂಚೆ ಒಂದು ಸಲ ನೆಟ್ಟಿದ್ದ ಸಸಿಗಳನ್ನೆಲ್ಲ ಗೆದ್ದಲು ಬುಡದಿಂದ ತಿಂದು ಮುಗಿಸಿತ್ತು. ಮುಂಗಾರಿಗೆ ಮುಂಚೆ ಬುಡಕ್ಕೆ ಹೊಂಗೆಹಿಂಡಿ ಕೊಟ್ಟರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಗೊಬ್ಬರವೂ ಆಗುತ್ತದೆ. ಅಂಗಡಿಯಿಂದ ಹಿಂಡಿ ತರಬಹುದಲ್ಲ ಎಂದರೆ, "ನೀವೊಂದ್ಸಲ ತಂದಿದ್ರಲ್ಲ, ಗೆದ್ದಲು ಅದನ್ನೂ ತಿಂದ್ಕೊಂಡು ಹೋಯ್ತು" ಎನ್ನುತ್ತಾಳೆ. ಅದು ನಿಜ. ಅದರಲ್ಲಿ ಹಿಂಡಿಗಿಂತ ಮಣ್ಣೇ ಹೆಚ್ಚಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಚೀಲಗಳಲ್ಲಿ ಹಿಂಡಿಯನ್ನು ಕಾಣಲಿಲ್ಲ, ಇಂಧನವನ್ನು ಕಂಡೆ. ತಪ್ಪು ಪೂರ್ತಿ ನನ್ನದಲ್ಲ. ಕಡೂರಿನ ಪೆಟ್ರೋಲ್ ಬಂಕಿನಲ್ಲಿ ನನ್ನ ಹಳೆಯ ಸ್ಕೂಟರಿಗೆ ಪೆಟ್ರೋಲು ಹಾಕಿಸುವಾಗ, ಈಗ ಪೆಟ್ರೋಲಿಗೆ ಎಥೆನಾಲು ಬೆರೆಸುತ್ತಾರೆ ಎಂಬ ಮಾತು ಬಂತು. ನನ್ನ ಹಿಂದೆ ಲಗೇಜ್ ಆಟೋ ನಿಲ್ಲಿಸಿಕೊಂಡಿದ್ದ ನಮ್ಮೂರಿನ ತಿಪ್ಪೇಶ, "ಅಲ್ಲಾ ಮೇಷ್ಟ್ರೇ, ಜೋಳದಿಂದ್ಲೂ ಮಾಡ್ತಾರಂತೆ. ಅಜ್ಜಂಪುರದ ಕಡೆ ಬೆಳೆದ ಜೋಳಾನ ನಾನೇ ಲೋಡ್ ಹೊಡೆದು ಕಳಿಸ್ತೀನಿ. ಅದು ಎಲ್ಲೆಲ್ಲೋ ಸುತ್ತಿ ವಾಪಸ್ ಬಂದು ನಿಮ್ಮ ಸ್ಕೂಟ್ರು ಹೊಟ್ಟೆಗೆ ಬೀಳ್ತದೆ. ಹಾದಿ ಖರ್ಚಿಗೇ ಅರ್ಧ ಜೋಳ ಆಗೋಯ್ತಲ್ಲ?" ಎಂದ. ತಮಾಷೆಗೆ ಹೇಳಿದ್ದು. ನಾನು ಮಾತ್ರ ಅದನ್ನು ಸವಾಲಿನಂತೆ ಎತ್ತಿಕೊಂಡೆ. ಸುತ್ತಿ ಬರುವ ಇಂಧನ ಯಾಕೆ? ತಿನ್ನುವ ಧಾನ್ಯ ಯಾಕೆ? ಯಾರೂ ನೀರು ಹಾಕದೆ, ಗೊಬ್ಬರ ಕೊಡದೆ, ರಸ್ತೆಬದಿಯಲ್ಲಿ ತಾನಾಗಿ ಬೆಳೆದ ಹೊಂಗೆಯ ಎಣ್ಣೆಯಿದೆ, ದನವೂ ಬಾಯಿ ಹಾಕದಷ್ಟು ಕಹಿ. ಇದಕ್ಕಿಂತ ಪುಣ್ಯದ ಇಂಧನ ಇನ್ನೆಲ್ಲಿ? ನಮ್ಮ ಹೊಲದ ತೆರೆದ ಬಾವಿಯ ಬಳಿ ಅಪ್ಪನ ಕಾಲದ ಡೀಸೆಲ್ ಇಂಜಿನ್ ಬೇರೆ ಸುಮ್ಮನೆ ಕೂತಿತ್ತು. ಊರೆಲ್ಲ ಬೋರ್‌ವೆಲ್ಲಿಗೆ ತಿರುಗಿದ ಮೇಲೆ ಅದನ್ನು ಕೇಳುವವರಿರಲಿಲ್ಲ.

ಅಲ್ಲಿಗೇ ಸುಮ್ಮನಿದ್ದರೆ ನಾನು ಮೇಷ್ಟ್ರಾಗುತ್ತಿರಲಿಲ್ಲ. ಕೊನೆಯ ಪರೀಕ್ಷೆಯ ದಿನ ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ, "ಜೂನ್ ತಿಂಗಳಲ್ಲಿ ಪರಿಸರ ದಿನ ಬರುತ್ತದಲ್ಲ, ಅವತ್ತು ನಮ್ಮ ಹೊಲಕ್ಕೆ ಬನ್ನಿ. ಹೊಂಗೆ ಎಣ್ಣೆಯಲ್ಲಿ ಬಾವಿ ನೀರು ಎತ್ತಿ ತೋರಿಸುತ್ತೇನೆ" ಎಂದು ಘೋಷಿಸಿಬಿಟ್ಟೆ. ಮಕ್ಕಳು ಚಪ್ಪಾಳೆ ಹೊಡೆದರು. ಪರೀಕ್ಷೆ ಮುಗಿದ ಸಂತೋಷಕ್ಕೆ ಹೊಡೆದರೋ ಏನೋ, ನಾನು ನನ್ನ ಲೆಕ್ಕಕ್ಕೇ ಹಾಕಿಕೊಂಡೆ.

ಮನೆಗೆ ಬಂದು ಗಿರಿಜೆಗೆ ವಿಷಯ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಬೀಜ ತಾನೇ, ಅರೆಸ್ಕೊಂಡ್ ಬನ್ನಿ. ಆ ಟೆಂಪೊದವನು ಈ ಸಲಾನೂ ಬತ್ತಾನೋ ಇಲ್ವೋ. ನಂಗೆ ಹಿಂಡಿ ತಂದ್ಕೊಡಿ, ಎಣ್ಣೆ ನೀವೇ ಇಟ್ಕೊಳ್ಳಿ" ಎಂದಳು. ನಾನು ಒಂದು ಗಂಟೆಯ ವಾದಕ್ಕೆ ಸಿದ್ಧನಾಗಿ ಬಂದವನು, ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ಉಬ್ಬಿಹೋದೆ. ಆ ಉಬ್ಬಿನಲ್ಲಿ ನನ್ನ ಕಿವಿ ಮಾತಿನ ಕೊನೆಯ ಭಾಗವನ್ನಷ್ಟೇ ಒಳಗೆ ಬಿಟ್ಟುಕೊಂಡಿತು: ಎಣ್ಣೆ ನೀವೇ ಇಟ್ಕೊಳ್ಳಿ. ಮೊದಲ ಭಾಗಕ್ಕೆ ತಲೆ ಆಡಿಸಿದೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ತಲೆ ಆಡಿಸಲು ಕಿವಿಯ ಸಹಾಯವೇನೂ ಬೇಕಾಗುವುದಿಲ್ಲ.

ಅರೆಸುವುದು ಸುಲಭವಾಗಿರಲಿಲ್ಲ. ಕಡೂರಿನಲ್ಲಿ ನನಗೆ ಗೊತ್ತಿದ್ದ ಮಿಲ್ಲಿನವರು ಹೊಂಗೆ ಎಂಬ ಮಾತು ಕೇಳಿದ ಕೂಡಲೇ ಬಾಗಿಲಿಗೆ ಅಡ್ಡ ನಿಂತರು. ಕೊಬ್ಬರಿ ಆಡಿಸುವ ಮಿಷನ್ನಿಗೆ ಹೊಂಗೆ ಹಾಕಿದರೆ ಮುಂದಿನ ನಾಲ್ಕು ದಿನದ ಕೊಬ್ಬರಿ ಎಣ್ಣೆಯೆಲ್ಲ ಕಹಿಯಾಗುತ್ತದಂತೆ. ತರೀಕೆರೆಗೆ ಹೋದೆ. ಅಲ್ಲಿ ಕಡಲೆಕಾಯಿ ಆಡಿಸುವವರು ಇದೇ ಮಾತನ್ನು ಇನ್ನೂ ಜೋರಾಗಿ ಹೇಳಿದರು. ಅಜ್ಜಂಪುರದ ಹೊರಗೆ ಹೊಂಗೆ, ಬೇವು ಆಡಿಸುವವರು ಇದ್ದಾರೆಂದು ಅಲ್ಲಿ ಯಾರೋ ಹೇಳಿದರು. ಅದನ್ನು ಹುಡುಕಲು ಹೋಗಿ ದಾರಿ ತಪ್ಪಿ ಅಂತರಘಟ್ಟೆ ಸೇರಿದೆ. ಬಂದದ್ದು ಬಂದಿದ್ದೇನೆ ಎಂದು ಅಲ್ಲಿನ ಗುಡಿಯ ಅಮ್ಮನವರಿಗೆ ಕೈಮುಗಿದು, ಬಂದ ದಾರಿಯಲ್ಲೇ ಹಿಂತಿರುಗಿ, ಹೊತ್ತು ಇಳಿಯುವಾಗ ಮಿಲ್ಲು ಕಂಡುಹಿಡಿದೆ. ಆ ದಿನ ಸ್ಕೂಟರಿಗೆ ಎರಡು ಸಲ ಪೆಟ್ರೋಲು ಹಾಕಿಸಿದ್ದೆ. ಸಂಶೋಧನೆಯ ಖರ್ಚು ಬೇರೆ, ಉತ್ಪಾದನೆಯ ಖರ್ಚು ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಾರನೆಯ ವಾರ ತಿಪ್ಪೇಶನ ಆಟೋದಲ್ಲಿ ಚೀಲಗಳನ್ನು ಹೇರಿಕೊಂಡು ಹೋದೆ. ಮಿಲ್ಲಿನ ಯಜಮಾನ ನಂಜಪ್ಪ ಒಂದು ಮುಷ್ಟಿ ಬೀಜ ತೆಗೆದು ಮೂಸಿ, "ಹಳೇ ಮಾಲು ಸೇರ್ಕೊಂಡದೆ, ಆದ್ರೂ ಪರವಾಗಿಲ್ಲ" ಎಂದು ಮಿಷನ್ನು ಹಾಕಿದರು. ಒಂದು ಕಡೆಯಿಂದ ಕೆಂಪನೆಯ ಮಂದ ಎಣ್ಣೆ ಸುರಿಯುತ್ತಿತ್ತು, ಇನ್ನೊಂದು ಕಡೆಯಿಂದ ಬಿಸಿಬಿಸಿ ಹಿಂಡಿ, ಹಪ್ಪಳದ ಚೂರಿನ ಹಾಗೆ ಮುರಿದು ಬೀಳುತ್ತಿತ್ತು. ಕೊನೆಗೆ ಮೂರು ಟಿನ್ನು ಎಣ್ಣೆ, ಮೂರು ಚೀಲ ಹಿಂಡಿ ಆಯಿತು. ನಂಜಪ್ಪ ಕೈ ಒರೆಸಿಕೊಳ್ಳುತ್ತ ಕೇಳಿದರು: "ಆಡ್ಸಿದ ಕೂಲಿ ಕೊಡ್ತೀರೋ, ಹಿಂಡಿ ಬಿಡ್ತೀರೋ?"

ಅವರಲ್ಲಿ ಅದು ಪದ್ಧತಿ. ಹಿಂಡಿ ಬಿಟ್ಟವರಿಂದ ಕೂಲಿ ತೆಗೆದುಕೊಳ್ಳುವುದಿಲ್ಲ. ನನ್ನ ತಲೆಯಲ್ಲಿ ಬೋರ್ಡಿನ ಬಾಣ ಮಿಂಚಿತು. ಎಡಗಡೆ ಬೀಜ, ಬಲಗಡೆ ಎಣ್ಣೆ ಮತ್ತು ಕಸ. ಕಸ ತೆಗೆದುಕೊಂಡು ಕೂಲಿಯನ್ನೂ ಬಿಡುವ ಪುಣ್ಯಾತ್ಮನೊಬ್ಬ ಸಿಕ್ಕಿದ್ದಾನೆ! ಅದೂ ಅಲ್ಲದೆ ಮೂರು ಚೀಲ ಇಲ್ಲೇ ಬಿಟ್ಟರೆ ಹಿಂತಿರುಗುವಾಗ ತಿಪ್ಪೇಶನ ಆಟೋ ಬೇಕಾಗಿಲ್ಲ, ಟಿನ್ನುಗಳನ್ನು ಬಸ್ಸಿನಲ್ಲೇ ಒಯ್ಯಬಹುದು. "ಹಿಂಡಿ ನೀವೇ ಇಟ್ಕೊಳ್ಳಿ" ಎಂದೆ, ದಾನಶೂರನ ಧಾಟಿಯಲ್ಲಿ.

ನಂಜಪ್ಪ ನನ್ನ ಮುಖವನ್ನೇ ನೋಡಿದರು. "ಪೂರ್ತಿನಾ?"

"ಪೂರ್ತಿ."

"ತೋಟ ಗೀಟ ಇಲ್ವಾ ಸಾರ್ ನಿಮ್ಗೆ?"

"ಹೊಲ ಇದೆ. ನಮಗೆ ಬೇಕಾಗಿರುವುದು ಇಂಧನ" ಎಂದೆ.

"ಮನೇಲಿ ಒಂದ್ ಮಾತು ಕೇಳಿದ್ರಾ?" ಎಂದರು. "ಎಣ್ಣೆ ನೀವೇ ಇಟ್ಕೊಳ್ಳಿ ಅಂದಿದ್ದಾಳೆ" ಎಂದೆ. ಅವರು ಧರ್ಮವಂತರು. ಮೂರು ಸಲ ಕೇಳಿದರು. ಮೂರು ಸಲವೂ ತಪ್ಪು ಉತ್ತರ ಕೊಟ್ಟ ವಿದ್ಯಾರ್ಥಿಗೆ ನಾನಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಬಸ್ಸಿನಲ್ಲಿ ಆ ವಾಸನೆಗೆ ನನ್ನ ಅಕ್ಕಪಕ್ಕದ ಸೀಟು ಖಾಲಿಯಾಯಿತು. ಆರಾಮವಾಗಿ ಕಾಲು ಚಾಚಿಕೊಂಡು ಬಂದೆ. ಮನೆ ಮುಂದೆ ಟಿನ್ನು ಇಳಿಸಿದಾಗ ಗಿರಿಜೆ ಬಾಗಿಲಿಗೆ ಬಂದಳು. ಒಂದು, ಎರಡು, ಮೂರು ಟಿನ್ನು ನೋಡಿದಳು. ಆಮೇಲೆ ನನ್ನ ಹಿಂದೆ ನೋಡಿದಳು. ಆಮೇಲೆ ರಸ್ತೆ ನೋಡಿದಳು. "ಹಿಂಡಿ ಆಟೋದಲ್ಲಿ ಬತ್ತಾ ಇದ್ಯಾ?" ಎಂದಳು.

ಆಗ ನನಗೆ ಅಕ್ಕಿ ಆರಿಸುತ್ತಾ ಅವಳು ಹೇಳಿದ ಮಾತಿನ ಮೊದಲ ಭಾಗ ಕೇಳಿಸಿತು. ತಿಂಗಳ ಹಿಂದೆ ಆಡಿದ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ನನಗೇ ಆಶ್ಚರ್ಯ. ಕೂಲಿ ಉಳಿಸಿದ್ದು, ಆಟೋ ಬಾಡಿಗೆ ಉಳಿಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಬಯ್ಯಲಿಲ್ಲ. "ಓ" ಎಂದು ಒಳಗೆ ಹೋದಳು. ಗಿರಿಜೆ ಬಯ್ದರೆ ವಿಷಯ ಸಣ್ಣದು ಎಂದರ್ಥ. ಅರ್ಧ ಗಂಟೆಯಲ್ಲಿ ಕಾಫಿ ಬರುತ್ತದೆ. ಆ ದಿನ ಕಾಫಿಯೂ ಬಂತು, ಲೋಟವನ್ನು ಮೇಜಿನ ಮೇಲೆ ಕುಕ್ಕುವ ಸದ್ದು ಮಾತ್ರ ಬರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೂರನೆಯ ದಿನ ಹಿಂಡಿಯ ಟೆಂಪೊ ಬಂತು. ಎರಡು ವರ್ಷ ಕಾಯಿಸಿದವನು ನನಗೆ ಮೂರು ದಿನದ ಅಂತರದಲ್ಲಿ ಮೋಸ ಮಾಡಿದ. "ಬೀಜ ಅದ್ಯಾ ತಾಯಿ?" ಎಂದು ಅವನು ಕೂಗಿದ್ದು, "ಇಲ್ಲ ಕಣಪ್ಪ, ನಮ್ಮನೆಯೋರು ಇಂಜಿನ್ನಿಗೆ ಇಟ್ಕೊಂಡವ್ರೆ" ಎಂದು ಗಿರಿಜೆ ಹೇಳಿದ್ದು ಎರಡೂ ನನಗೆ ಹಿತ್ತಲಿನಲ್ಲಿ ಕೇಳಿಸಿತು. ಬೀಜ ಕೊಡದವರಿಗೆ ಅವನು ಹಿಂಡಿ ಕೊಡುವುದಿಲ್ಲ. ತಂದದ್ದೆಲ್ಲ ಮನೆಮನೆಗೆ ಬೀಜದ ಲೆಕ್ಕದಲ್ಲಿ ಹಂಚಿಕೆಯಾಗಿರುತ್ತದೆ. ನಾನು ಹಿತ್ತಲಿನಿಂದ ಹೊರಗೆ ಬರಲಿಲ್ಲ. ನನಗಲ್ಲಿ ಕೆಲಸವಿತ್ತು.

ಕೆಲಸವೆಂದರೆ ಎಣ್ಣೆಯನ್ನು ಡೀಸೆಲ್ಲಿನಂತೆ ತಿಳಿಯಾಗಿಸುವುದು. ಬೋರ್ಡಿನ ಮೇಲೆ ಅದು ಎರಡು ಸಾಲಿನ ಸಮೀಕರಣ. ಎಣ್ಣೆಗೆ ಮೆಥನಾಲು, ಒಂದಿಷ್ಟು ಕಾಸ್ಟಿಕ್ ಸೋಡಾ, ಹದವಾದ ಬಿಸಿ. ಮೇಲೆ ಇಂಧನ ತೇಲುತ್ತದೆ, ಕೆಳಗೆ ಗ್ಲಿಸರಿನ್ ಕೂರುತ್ತದೆ. ಹಬ್ಬದ ನೀರಿಗೆ ಇಟ್ಟಿದ್ದ ಸ್ಟೀಲ್ ಡ್ರಮ್ಮಿಗೆ ಮೊದಲನೆಯ ಟಿನ್ನು ಸುರಿದು, ಮೆಥನಾಲು, ಸೋಡಾ ಸೇರಿಸಿ, ಮೂಗಿಗೆ ಟವೆಲ್ಲು ಕಟ್ಟಿಕೊಂಡು ಮುದ್ದೆ ಕೋಲಿನಲ್ಲಿ ತಿರುವಿದೆ. ಒಂದು ಗಂಟೆ ಬಿಟ್ಟು ನೋಡಿದರೆ ಕೋಲು ನೆಟ್ಟಗೆ ನಿಂತಿತ್ತು. ಮೇಲೂ ಇಲ್ಲ, ಕೆಳಗೂ ಇಲ್ಲ, ಇಡೀ ಡ್ರಮ್ಮಿನಲ್ಲಿ ಕಂದು ಬಣ್ಣದ ಸಾಬೂನು. ನಂಜಪ್ಪ ಮೂಸಿ ಹೇಳಿದ "ಹಳೇ ಮಾಲು" ಎಂಬ ಎರಡು ಶಬ್ದದ ಅರ್ಥ ಆಗ ಆಯಿತು. ಬೀಜ ಹಳತಾದರೆ ಎಣ್ಣೆಯಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲ ಹೆಚ್ಚಿದ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಸಾಬೂನಾಗುತ್ತದೆ. ಇದನ್ನು ನಾನೇ ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತೇನೆ, ಬೇರೆ ಅಧ್ಯಾಯದಲ್ಲಿ. ಸಿದ್ದಮ್ಮ ಬಂದು ಡ್ರಮ್ಮಿಗೆ ಇಣುಕಿ, "ಇಂಧನ ಅಂದ್ರೆ ಇದೇನಾ? ನಮ್ ಕಾಲ್ದಲ್ಲಿ ಇದ್ರಲ್ಲಿ ಕಂಬ್ಳಿ ಒಗೀತಿದ್ವಿ" ಎಂದರು.

ಎರಡನೆಯ ಟಿನ್ನಿಗೆ ನಾನು ಸಮೀಕರಣ ಪ್ರಯೋಗಿಸಲಿಲ್ಲ. ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಮಂದ ಎಣ್ಣೆ ಇಂಜಿನ್ನಿನ ಗಂಟಲಿಗೆ ಇಳಿಯಲಿ ಎಂದು ಅಷ್ಟೇ ಪ್ರಮಾಣದ ಡೀಸೆಲ್ಲು ಬೆರೆಸಿದೆ. ಆ ಡೀಸೆಲ್ಲು ತರಲು ಕಡೂರಿಗೆ ಹೋದದ್ದು ಸ್ಕೂಟರಿನಲ್ಲಿ. ಅಲ್ಲಿ ತಿಪ್ಪೇಶ ಮತ್ತೆ ಸಿಕ್ಕಿದ. ನನ್ನ ಕೈಯಲ್ಲಿದ್ದ ಕ್ಯಾನು ನೋಡಿ, ಆಮೇಲೆ ಆಕಾಶ ನೋಡಿದ.

ಪರಿಸರ ದಿನ ಬಂತು. ಮುಂಗಾರು ಇನ್ನೂ ಬಂದಿರಲಿಲ್ಲ. ಮಕ್ಕಳು ಸಾಲಾಗಿ ಹೊಲಕ್ಕೆ ಬಂದರು. ಹೆಡ್‌ಮೇಷ್ಟ್ರು ಬಂದರು, ಸಿದ್ದಮ್ಮ ಬಂದು ಬದುವಿನ ಮೇಲೆ ಕೂತರು. ಗಿರಿಜೆ ಸಸಿಗಳ ನಡುವೆ ಸನಿಕೆ ಹಿಡಿದು ನಿಂತಳು, ನೀರು ಬಂದರೆ ಕಾಲುವೆ ತಿರುಗಿಸಲು. ಅವಳು ನನ್ನೊಡನೆ ಅಗತ್ಯವಿದ್ದಷ್ಟು ಮಾತ್ರ ಮಾತಾಡುತ್ತಿದ್ದ ದಿನಗಳವು, ಆದರೂ ಬಂದಿದ್ದಳು. ನಾನು ಹ್ಯಾಂಡಲ್ ಹೊಡೆದೆ. ಇಂಜಿನ್ನು ಕೆಮ್ಮಿತು. ಇನ್ನೊಂದು ಸಲ ಹೊಡೆದೆ. ಮೂರನೆಯ ಸಲಕ್ಕೆ ಢಣಢಣ ಎಂದು ಹಿಡಿದುಕೊಂಡಿತು. ಪೈಪಿನ ಬಾಯಲ್ಲಿ ಮೊದಲು ಒಂದು ಕಪ್ಪೆ, ಆಮೇಲೆ ಕೆಸರು, ಆಮೇಲೆ ತಿಳಿನೀರು ಬಂತು. ಮಕ್ಕಳು ಕುಣಿದರು. ಹೆಡ್‌ಮೇಷ್ಟ್ರು ನನ್ನ ಕೈ ಕುಲುಕಿದರು. ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ಸುಳ್ಳಲ್ಲ. ಹೊಗೆಯೂ ಸ್ವಲ್ಪ ಕಾರಣವಿರಬಹುದು.

ಭಾಷಣ ಶುರು ಮಾಡಿದೆ. ಇದು ಮುಗಿಯದ ಇಂಧನ, ಮರ ಇರುವ ತನಕ ಬೀಜ, ಬೀಜ ಇರುವ ತನಕ ಎಣ್ಣೆ, ಎಣ್ಣೆ ಇರುವ ತನಕ... ಎನ್ನುವಷ್ಟರಲ್ಲಿ ಪೈಪು ಗೊರಗೊರ ಎಂದಿತು. ಇಂಜಿನ್ನು ಚೆನ್ನಾಗಿಯೇ ಓಡುತ್ತಿತ್ತು. ಟ್ಯಾಂಕು ಮುಕ್ಕಾಲು ತುಂಬಿತ್ತು. ಬಾವಿಯಲ್ಲಿ ನೀರು ಮುಗಿದಿತ್ತು. ಊರ ತುಂಬ ಬೋರ್‌ವೆಲ್ಲು ಕೊರೆದ ಮೇಲೆ ಅಪ್ಪನ ಬಾವಿಯಲ್ಲಿ ಉಳಿದದ್ದೇ ಅಷ್ಟು. ಒಬ್ಬಳು ಹುಡುಗಿ ಕೈ ಎತ್ತಿ, "ಸಾರ್, ಇಂಧನ ಮುಗಿಯಲ್ಲ ಅಂದ್ರಿ, ನೀರು?" ಎಂದಳು. "ಅದು ಮುಂದಿನ ಪಾಠ" ಎಂದೆ. ಬಂದ ನೀರು ಎಂಟು ಸಸಿಗಳಿಗೂ ಸಾಲಲಿಲ್ಲ.

ಮಕ್ಕಳಿಗೆ ಪಾನಕ ಕುಡಿಸಿ ಕಳಿಸಿ ಹಿಂತಿರುಗಿದಾಗ ಗಿರಿಜೆ ಮೂಲೆಯ ಒಂದು ಸಸಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹೊರಗಿನ ಗರಿಗಳು ಹಸಿರಾಗಿಯೇ ಇದ್ದವು. ನಡುವಿನ ಸುಳಿ ಬಾಡಿತ್ತು. ಅವಳು ಅದನ್ನು ಹಗುರವಾಗಿ ಹಿಡಿದು ಎತ್ತಿದಳು. ಸುಳಿ ಪೂರ್ತಿ ಕಿತ್ತು ಕೈಗೆ ಬಂತು. ಬುಡದಲ್ಲಿ ಬಿಳಿ ಗೆದ್ದಲು ಗಿಜಿಗುಡುತ್ತಿತ್ತು. ಪಕ್ಕದ್ದನ್ನು ನೋಡಿದಳು, ಅದೂ ಹಾಗೆಯೇ. ಇನ್ನೊಂದು. ಮೂರು ಸುಳಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಇದು ತವರಿಂದ ತಂದ ದೊಡ್ಡ ಕಾಯಿದು ಕಣ್ರೀ" ಎಂದಳು, ಅಷ್ಟೇ. ನನ್ನ ಹಿಂದೆ ಇಂಜಿನ್ನು ಇನ್ನೂ ಬಿಸಿಯಾಗಿತ್ತು. ಆ ಕ್ಷಣದಲ್ಲಿ ಯಾರಾದರೂ ಅದನ್ನು ಬಾವಿಗೆ ನೂಕು ಎಂದಿದ್ದರೆ ನೂಕಿಬಿಡುತ್ತಿದ್ದೆ. ಅಷ್ಟು ನಾಚಿಕೆಯಾಯಿತು. ಇಂಜಿನ್ನು ಮಾಡಿದ ತಪ್ಪೇನೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ರಜೆ ಚೀಟಿ ಕಳಿಸಿ, ಉಳಿದಿದ್ದ ಮೂರನೆಯ ಟಿನ್ನಿನಿಂದ ಗಿರಿಜೆ ಒಂದು ಬಾಟ್ಲಿ ತೆಗೆದಿಟ್ಟುಕೊಂಡ ಮೇಲೆ, ಮಿಕ್ಕದ್ದನ್ನು ಸ್ಕೂಟರಿನ ಮುಂದೆ ಕಟ್ಟಿಕೊಂಡು ಅಜ್ಜಂಪುರಕ್ಕೆ ಹೊರಟೆ. ನಂಜಪ್ಪ ನನ್ನನ್ನು ಕಂಡ ಕೂಡಲೇ, "ಹಿಂಡಿಗೆ ಬಂದ್ರಾ? ಒಂದ್ ವಾರಕ್ಕೇ ಬತ್ತೀರ ಅಂದ್ಕೊಂಡಿದ್ದೆ, ಲೇಟ್ ಮಾಡ್ಬಿಟ್ರಿ" ಎಂದರು. ಎರಡು ಚೀಲ ಆವತ್ತೇ ತರೀಕೆರೆ ಕಡೆಯ ತೋಟದವರ ಪಾಲಾಗಿತ್ತಂತೆ, ಇನ್ನೂ ಆರುವ ಮುಂಚೆಯೇ. "ಎಣ್ಣೆ ಉಳೀತದೆ ಸಾರ್ ಇಲ್ಲಿ, ಹಿಂಡಿ ಉಳಿಯಲ್ಲ. ಎಲ್ರೂ ಎಣ್ಣೆ ಮಿಲ್ಲು ಅಂತಾರೆ. ಬರೀ ಎಣ್ಣೆ ನಂಬ್ಕೊಂಡಿದ್ರೆ ಯಾವತ್ತೋ ಬೀಗ ಹಾಕ್ತಿದ್ದೆ. ಈ ಮಿಷನ್ ತಿರುಗೋದು ಕರೆಂಟಲ್ಲಲ್ಲ, ಹಿಂಡೀಲಿ" ಎಂದರು. ಇಂಧನದ ಅರ್ಥಶಾಸ್ತ್ರದ ಬಗ್ಗೆ ನಾನು ಓದಿದ್ದೆಲ್ಲ ಸೇರಿದರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಮೂರನೇ ಚೀಲ?" ಎಂದೆ.

ಅವರು ದನಿ ತಗ್ಗಿಸಿದರು. "ಅದು ನಮ್ಮನೆಯೋರದ್ದು. ಅವರ ಹಿತ್ತಲ ಗಿಡಕ್ಕೆ ಇಟ್ಕೊಂಡವ್ರೆ. ನಾನು ಮುಟ್ಟಂಗಿಲ್ಲ. ನೀವೇ ಕೇಳಿ."

ಅವರ ಮನೆಯವರು ಒಳಗಿಂದ ಬಂದರು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮಂಚದ ಕೆಳಗಿನ ಚೀಲ, ಅಕ್ಕಿ ಆರಿಸುತ್ತ ಹೇಳಿದ ಮಾತು, ಕೈಗೆ ಬಂದ ಸುಳಿ, ಎಲ್ಲ. ಆಕೆ ಪೂರ್ತಿ ಕೇಳಿ, "ಎಷ್ಟು ಸಸಿ ಹೋಯ್ತು?" ಎಂದರು.

"ಮೂರು."

"ಉಳಿದಿದ್ದು?"

"ಇಪ್ಪತ್ತೊಂದು."

"ಅಷ್ಟಕ್ಕೆ ಒಂದ್ ಚೀಲ ಸಾಕು" ಎಂದು ಒಳಗೆ ನೋಡಿ ಚೀಲ ತರಿಸಿದರು. ನಾನು ಜೇಬಿಗೆ ಕೈ ಹಾಕಿದೆ. "ದುಡ್ಡು ಬೇಡ. ಆ ಎಣ್ಣೆ ಇಳ್ಸಿ. ದನಕ್ಕೆ ಉಣ್ಣೆಹುಳ ಹತ್ಕೊಂಡದೆ, ಸವರೋಕೆ ಆಗ್ತದೆ" ಎಂದರು. ನಾನು ಸ್ಕೂಟರು ಹತ್ತಿದ ಮೇಲೆ ಹಿಂದಿನಿಂದ ಕೂಗಿದರು: "ಮುಂದಿನ ಸಲ ನೀವು ಬರ್ಬೇಡಿ ಮೇಷ್ಟ್ರೇ, ಮನೆಯೋರ್ನ ಕಳ್ಸಿ!"

ಆ ಸಂಜೆಯೇ ಗಿರಿಜೆ, ಸಿದ್ದಮ್ಮ, ನಾನು ಮೂವರೂ ಬುಡ ಬಿಡಿಸಿ ಹಿಂಡಿ ಕೊಟ್ಟೆವು. ನನ್ನದು ಚೀಲ ಎಳೆಯುವ ಕೆಲಸ. ಎರಡು ದಿನಕ್ಕೆ ಮಳೆಯೂ ಬಂತು. ಹೊಂಗೆಯ ಕಮಟು ಮಣ್ಣಿನಿಂದ ಎದ್ದು ಬಂದಾಗ ಅದು ಇಷ್ಟು ಒಳ್ಳೆಯ ವಾಸನೆ ಎಂದು ನನಗೆ ಮೊದಲ ಸಲ ಅನ್ನಿಸಿತು. ಮಳೆಗೆ ಮರದ ಕೆಳಗೆ ನಿಂತಿದ್ದಾಗ ಸಿದ್ದಮ್ಮ ಕೇಳಿದರು:

"ಅಲ್ಲಾ ಮೇಷ್ಟ್ರೇ, ಒಂದ್ ಮಾತು. ಬೀಜ ತಗೊಂಡು ತರೀಕೆರೆ, ಅಜ್ಜಂಪುರ ಅಂತ ಗಾಡೀಲಿ ತಿರುಗಿದ್ರಿ. ಆ ಗಾಡಿಗೆ ಏನ್ ಹಾಕಿದ್ರಿ?"

"ಪೆಟ್ರೋಲು."

"ಹಂಗಾರೆ ಆ ಪೆಟ್ರೋಲ್ನೇ ಇಂಜಿನ್ನಿಗೆ ಹಾಕಿದ್ರೆ ಆಗ್ತಿರ್ಲಿಲ್ವಾ?"

ಅದು ಡೀಸೆಲ್ ಇಂಜಿನ್ನು, ಪೆಟ್ರೋಲು ಹಾಕಲು ಬರುವುದಿಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಗಿರಿಜೆ ಮೊದಲ ಸಲ ನನ್ನ ಕಡೆ ನೋಡಿ ನಕ್ಕಳು. ಎಷ್ಟು ವಾರವಾಗಿತ್ತು ಆ ನಗು ಕಂಡು! ವಿವರಣೆ ನುಂಗಿಕೊಂಡೆ. ಹಾಲು ಉಕ್ಕುವಾಗ ಒಲೆ ಆರಿಸುವುದು ಎಂದರೆ ಇದೇ ಇರಬೇಕು.

ಈಗ ಸಸಿಗಳು ಚೆನ್ನಾಗಿವೆ. ಹೋದ ಮೂರರ ಜಾಗಕ್ಕೆ ಮತ್ತೆ ತವರಿನ ಕಾಯಿ ಮೊಳೆಯುತ್ತಿದೆ. ಡ್ರಮ್ಮಿನ ಸಾಬೂನಿನಲ್ಲಿ ಸಿದ್ದಮ್ಮ ಕಂಬಳಿ ಒಗೆಯುತ್ತಾರೆ, ನನ್ನ ಸ್ಕೂಟರು ತೊಳೆಯುವುದೂ ಅದರಲ್ಲೇ. ಈ ಯುಗಾದಿಗೆ ಮುಂಚೆ ಮತ್ತೆ ಕಾಯಿ ಉದುರಿದವು. ಈ ಸಲ ಪೊರಕೆ ಹಿಡಿದು ನಾನೂ ಹೋದೆ. ಕಾಯಿ ಜಜ್ಜುವಾಗ ಇಬ್ಬರೂ ಯಾರ ಮಾತಾಡುತ್ತಾರೆ ಎಂಬ ನನ್ನ ಹಳೆಯ ಕುತೂಹಲವೂ ತೀರಿತು. ಹೆಚ್ಚಿನಂಶ ನನ್ನದೇ.

ಬಗ್ಗಿ ಬಗ್ಗಿ ಕಾಯಿ ಆರಿಸಿದ್ದಕ್ಕೆ ಮೊನ್ನೆ ಮಂಡಿ ಎರಡೂ ಹಿಡಿದುಕೊಂಡವು. ಹಜಾರದಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತಿದ್ದೆ. ಗಿರಿಜೆ ತೆಗೆದಿಟ್ಟಿದ್ದ ಆ ಬಾಟ್ಲಿಯ ಎಣ್ಣೆಯನ್ನು ಬಿಸಿ ಮಾಡಿ ತಂದು, ಎದುರಿಗೆ ಕೂತು ನನ್ನ ಮಂಡಿಗೆ ತಿಕ್ಕತೊಡಗಿದಳು. ನಾನು ಅಯ್ಯೋ ಅಮ್ಮಾ ಎಂದು ನರಳಿದೆ. ಅವಳು ಇನ್ನೊಂದಿಷ್ಟು ಎಣ್ಣೆ ಹಚ್ಚಿ, ಮಂಡಿಯನ್ನು ಮೇಲೆ ಕೆಳಗೆ ಆಡಿಸಿ ನೋಡಿ, "ಹೂಂ, ಇಂಜಿನ್ನು ಹಿಡ್ಕೊಳ್ತು. ಏಳಿ, ಹೊಲಕ್ಕೆ ಎರಡು ಬಿಂದಿಗೆ ನೀರು ಹೊತ್ತಾಕಿ ಬನ್ನಿ" ಎಂದಳು.

ಎದ್ದು ಹೊರಟೆ. ಹೊಂಗೆ ಎಣ್ಣೆಯಲ್ಲಿ ನೀರು ಎತ್ತಿ ತೋರಿಸುತ್ತೇನೆಂದು ಮಕ್ಕಳ ಮುಂದೆ ಹೇಳಿದವನು ನಾನೇ ತಾನೆ.